ತಲೆದಿಂಬು ಒಗೆಯುವ ಮುಂಚೆ ತೂಗಿ ನೋಡಿ

ಬಳ್ಳಾರಿಯ ಲಾಡ್ಜು, ಹಾಸ್ಟೆಲ್ಲುಗಳ ಹಾಸಿಗೆ ಬಟ್ಟೆ ಒಗೆಯುವವರಿಗೆ ಮೊದಲು ತಿಳಿಯುವ ಪಾಠ ಇದು: ಒಗೆದ ಮೇಲೆ ಒಳಗೇ ಉಳಿಯುವ ಪಸೆ ದಿಂಬನ್ನು ಕೊಳೆಗಿಂತ ಬೇಗ ಕೆಡಿಸುತ್ತದೆ. ಮೇಲೆ ಮುಟ್ಟಿದರೆ ಗರಿಗರಿ ಒಣಗಿರುತ್ತದೆ, ಎರಡು ದಿನಕ್ಕೆ ಮುಗ್ಗಲು ವಾಸನೆ ಶುರು. ಹಾಗಾಗಿ ಒಗೆಯುವ ಮುಂಚೆ ಒಣ ದಿಂಬನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಒಣಗಿಸಿದ ಮೇಲೆ ಮತ್ತೆ ತೂಗಿದಾಗ 40 ಗ್ರಾಂ ಹೆಚ್ಚಿದ್ದರೆ ನಡುವೆ ಇನ್ನೂ ನೀರಿದೆ ಎಂದೇ ಲೆಕ್ಕ. ಕೈಗಿಂತ ತಕ್ಕಡಿಯನ್ನು ನಂಬಿ.

ಒಳಗೆ ಏನು ತುಂಬಿದೆ ಎಂದು ನೋಡದೆ ನೀರಿಗೆ ಹಾಕಬಾರದು. ಅರಳೆ ದಿಂಬನ್ನಂತೂ ಇಡಿಯಾಗಿ ನೆನೆಸಲೇಬೇಡಿ. ಅರಳೆ ನೀರು ಕುಡಿದು ಗಡ್ಡೆ ಕಟ್ಟುತ್ತದೆ, ಆ ಗಡ್ಡೆಯ ನಡುಭಾಗ ಏಪ್ರಿಲ್ ಬಿಸಿಲಿಗೂ ಒಣಗುವುದಿಲ್ಲ. ಒಂದು ಬದಿಯ ಹೊಲಿಗೆ ಬಿಚ್ಚಿ ಅರಳೆ ತೆಗೆದು ಚಾಪೆಯ ಮೇಲೆ ತೆಳ್ಳಗೆ ಹರಡಿ. ಚೀಲವನ್ನಷ್ಟೇ ಬಿಸಿನೀರಲ್ಲಿ ಒಗೆಯಿರಿ. ಒಣಗಿದ ಅರಳೆಯನ್ನು ಗಾದಿ ಅಂಗಡಿಯಲ್ಲಿ ಹಿಂಜಿಸಿ ತುಂಬಿದರೆ ದಿಂಬು ಹೊಸದರಂತೆ ಏಳುತ್ತದೆ. ರಾಯಚೂರು ಸೀಮೆಯಲ್ಲಿ ಹತ್ತಿಗೆ ಬರವಿಲ್ಲ. ಕಡಿಮೆಯಾದಷ್ಟು ಹೊಸ ಅರಳೆ ಸೇರಿಸಿಕೊಳ್ಳಬಹುದು. ಬೂರುಗದ ಅರಳೆಯ ಎಳೆ ಪೆಡಸು, ಹಿಂಡಿದರೆ ಮುರಿದು ಪುಡಿಯಾಗುತ್ತದೆ. ಅದಕ್ಕೆ ಬಿಸಿಲೊಂದೇ ಸಾಕು.

ಮನೆಯಲ್ಲಿ ಒಗೆಯಲು ಬರುವುದು ಪಾಲಿಯೆಸ್ಟರ್ ಫೈಬರ್ ದಿಂಬು. ಹಳದಿ ಕಲೆ ಬೆವರು ಮತ್ತು ತಲೆಗೆಣ್ಣೆಯದು. ಅದರ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ 15 ನಿಮಿಷ ಬಿಡಿ. ಕ್ಲೋರಿನ್ ಬ್ಲೀಚ್ ಬೇಡ, ಬೆವರಿನ ಕಲೆ ಅದರಿಂದ ಇನ್ನಷ್ಟು ಹಳದಿಯಾಗುತ್ತದೆ. ಮಷಿನ್‌ಗೆ ಎರಡೆರಡೇ ಹಾಕಿ, ಒಂದೇ ಹಾಕಿದರೆ ಸ್ಪಿನ್‌ನಲ್ಲಿ ತೂಕ ಒಂದು ಬದಿಗೆ ಬಿದ್ದು ಮಷಿನ್ ಕುಣಿಯುತ್ತದೆ. ನೀರು 40 ಡಿಗ್ರಿ, ಲಿಕ್ವಿಡ್ ಡಿಟರ್ಜೆಂಟ್ ಒಂದು ಟೇಬಲ್ ಚಮಚ, ಜೆಂಟಲ್ ಸೈಕಲ್, ಎರಡು ಸಲ ಜಾಲಿಸು. ಕೈಯಲ್ಲಾದರೆ ಟಬ್ಬಿನಲ್ಲಿ ಮುಳುಗಿಸಿ ಗಾಳಿಯ ಗುಳ್ಳೆ ನಿಲ್ಲುವ ತನಕ ಅಂಗೈಯಿಂದ ಒತ್ತಿ. ತಿರುಚಿ ಹಿಂಡಬೇಡಿ, ಫೈಬರ್ ಒಂದು ಮೂಲೆಗೆ ಸೇರಿಬಿಟ್ಟರೆ ಮತ್ತೆ ಹರಡುವುದು ಕಷ್ಟ. ಕಂಫರ್ಟ್ ತರಹದ ಫ್ಯಾಬ್ರಿಕ್ ಕಂಡೀಷನರ್ ಕೂಡ ಬೇಡ, ಅದು ಎಳೆಗೆ ಮೆತ್ತಿಕೊಂಡು ಉಬ್ಬು ಇಳಿಸುತ್ತದೆ.

ನಮ್ಮ ಕಡೆಯ ಬೋರ್ ನೀರಿನ ಮಾತು ಬೇರೆ. ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ನೊರೆಯ ಬದಲು ಜಿಗುಟು ಕೆನೆ ಕಟ್ಟುತ್ತದೆ. ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿದಾಗ ಹುಟ್ಟುವ ಈ ಕೆನೆ ದಿಂಬಿನೊಳಗೆ ಉಳಿದರೆ ಧೂಳು ಅಂಟುತ್ತದೆ, ವಾಸನೆಯೂ ಹಿಡಿಯುತ್ತದೆ. ಬಕೆಟ್ಟಿಗೆ ಒಂದು ಚಮಚ ವಾಷಿಂಗ್ ಸೋಡಾ ಮೊದಲೇ ಕರಗಿಸಿ, ಆಮೇಲೆ ಡಿಟರ್ಜೆಂಟ್ ಹಾಕಿ. ನಳದ ನೀರು ಬರುವ ದಿನವಿದ್ದರೆ ಕೊನೆಯ ಜಾಲಿಕೆಗೆ ಅದನ್ನೇ ಎತ್ತಿಡಿ.

ಒಣಗಿಸಲು ಮಾಳಿಗೆಯ ಮೇಲೆ ನುಲಿಯ ಹೊರಸು ಹಾಕಿದರೆ ಅಡಿಯಿಂದಲೂ ಗಾಳಿಯಾಡುತ್ತದೆ. ಬೆಳಿಗ್ಗೆ 9ಕ್ಕೆ ಹಾಕಿ ಎರಡು ತಾಸಿಗೊಮ್ಮೆ ಮಗುಚಿ, ಮಗುಚುವಾಗ ಎರಡೂ ತುದಿ ಹಿಡಿದು ಜಾಡಿಸಿ, ಒಳಗಿನ ಗಂಟುಗಳನ್ನು ಬೆರಳಿಂದ ಬಿಡಿಸಿ. ಒಂದು ಮೂಲೆ ಹಿಡಿದು ತೂಗುಹಾಕಿದರೆ ತುಂಬಿದ್ದೆಲ್ಲ ಕೆಳಗಿಳಿಯುತ್ತದೆ. ಸಂಡೂರು ಕಡೆಯ ಅದಿರಿನ ಕೆಂಧೂಳು ಬರುವ ಜಾಗದಲ್ಲಿ ಮೇಲೆ ತೆಳು ಪಂಜೆ ಹೊದಿಸಿ. ಆ ಕೆಂಪು ಹಸಿ ಬಟ್ಟೆಗೆ ಹಿಡಿದರೆ ಬಿಡುವುದೇ ಇಲ್ಲ. ಸಂಜೆ ತೂಕ ಸರಿಹೋಗದಿದ್ದರೆ ಗವಸು ಹಾಕದೆ ಫ್ಯಾನಿನಡಿ ಇಟ್ಟು ಮರುದಿನ ಮತ್ತೆ ಬಿಸಿಲಿಗೆ. ಜುಲೈ, ಆಗಸ್ಟಿನ ಮೋಡದಲ್ಲಿ ದಿಂಬು ಒಗೆಯುವ ಕೆಲಸ ಹಚ್ಚಿಕೊಳ್ಳಬೇಡಿ, ಗವಸು ಒಗೆದರೆ ಸಾಕು.

ಫೋಮ್, ಲ್ಯಾಟೆಕ್ಸ್ ದಿಂಬುಗಳು ಮಷಿನ್‌ನಲ್ಲಿ ಹರಿಯುತ್ತವೆ, ಸುಡುಬಿಸಿಲಿಗೆ ಹಳದಿಯಾಗಿ ಉದುರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಗಾಳಿಗಿಡಿ.

ಗವಸು ವಾರಕ್ಕೊಮ್ಮೆ, ಪಾಲಿಯೆಸ್ಟರ್ ದಿಂಬು ವರ್ಷಕ್ಕೆರಡು ಸಲ ಒಗೆದರೆ ಸಾಕು. ಒಗೆದು ಒಣಗಿದ ಪಾಲಿಯೆಸ್ಟರ್ ದಿಂಬನ್ನು ನಡುವೆ ಮಡಚಿ ಬಿಟ್ಟು ನೋಡಿ. ಮಡಚಿದಂತೆಯೇ ಬಿದ್ದಿದ್ದರೆ ಅದರ ಫೈಬರ್ ಸತ್ತಿದೆ, ಇನ್ನೊಮ್ಮೆ ಒಗೆದರೂ ಏಳುವುದಿಲ್ಲ; ಹೊಸದು ತನ್ನಿ.