700 ಗಂಟೆಗಳ ಲೆಕ್ಕ: ಸ್ಕೂಲ್ ಕೌನ್ಸೆಲರ್ ಆಗುವ ಓದಿನ ಒಳಗೆ

ಅಮೆರಿಕದಲ್ಲಿ ಸ್ಕೂಲ್ ಕೌನ್ಸೆಲರ್ ಆಗಬೇಕಾದರೆ ಬಹುತೇಕ ರಾಜ್ಯಗಳಲ್ಲಿ ಮಾಸ್ಟರ್ಸ್ ಬೇಕೇ ಬೇಕು. ಸೇರುವವರ ಪ್ರಶ್ನೆಗಳೆಲ್ಲ ಕೋರ್ಸುಗಳ ಸುತ್ತ ತಿರುಗುತ್ತವೆ: ಸ್ಟ್ಯಾಟಿಸ್ಟಿಕ್ಸ್ ಇದೆಯಾ, ಥೀಸಿಸ್ ಬರೆಯಬೇಕಾ, ಯಾವ ಪೇಪರ್ ಕಷ್ಟ? ಪೇಪರ್‌ಗಳಿಗೆ ಹೆದರಬೇಕಾದ್ದಿಲ್ಲ. ಓದಿನಲ್ಲಿ ಮುಂದಿದ್ದವರೂ ಎಡವುವುದು ಶಾಲೆಯೊಳಗೆ ಕಳೆಯಬೇಕಾದ 700 ಗಂಟೆಗಳಲ್ಲಿ.

ಓದಿನ ಭಾಗವನ್ನು ಬೇಗ ಮುಗಿಸಿಬಿಡೋಣ. ಕೌನ್ಸೆಲಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೇಕ್ರೆಪ್. ಅದರ ಕನಿಷ್ಠ ಮಿತಿ 60 ಸೆಮಿಸ್ಟರ್ ಕ್ರೆಡಿಟ್. ನೀತಿಸಂಹಿತೆ, ಬೆಳವಣಿಗೆಯ ಮನಶ್ಶಾಸ್ತ್ರ, ವೃತ್ತಿ ಮಾರ್ಗದರ್ಶನ, ಗುಂಪು ಕೌನ್ಸೆಲಿಂಗ್, ಪರೀಕ್ಷೆ ಮತ್ತು ಮಾಪನ, ಸಂಶೋಧನೆ ಎಲ್ಲವೂ ಇದರೊಳಗೆ ಬರುತ್ತವೆ. ಮಾನ್ಯತೆ ಇಲ್ಲದ ಕೋರ್ಸಿನಿಂದಲೂ ಲೈಸೆನ್ಸ್ ಸಿಗುವ ರಾಜ್ಯಗಳಿವೆ. ಹಾಗಾಗಿ ಕಾಲೇಜಿನ ಜಾಹೀರಾತು ನೋಡುವ ಮುಂಚೆ, ನೀವು ಕೆಲಸ ಮಾಡಬೇಕೆಂದಿರುವ ರಾಜ್ಯದ ಶಿಕ್ಷಣ ಇಲಾಖೆಯ ನಿಯಮ ಓದಿ. ಈ ಕ್ರಮ ತಲೆಕೆಳಗಾದರೆ ಪದವಿ ಕೈಗೆ ಬಂದ ಮೇಲೂ ಒಂದೆರಡು ಕೋರ್ಸ್ ಹೆಚ್ಚುವರಿಯಾಗಿ ಮಾಡಬೇಕಾದೀತು.

ಓದಿನಲ್ಲಿ ಜನರನ್ನು ಚಕಿತಗೊಳಿಸುವ ಸಂಗತಿ ಒಂದೇ. ಗುಂಪು ಕೌನ್ಸೆಲಿಂಗ್ ಕಲಿಯುವಾಗ ಕನಿಷ್ಠ 10 ಗಂಟೆ ನೀವೇ ಒಂದು ಗುಂಪಿನ ಸದಸ್ಯರಾಗಿ ಕೂರಬೇಕು. ಸುತ್ತ ಇರುವವರು ಸಹಪಾಠಿಗಳೇ. ಅಲ್ಲಿ ಎಷ್ಟು ಹೇಳಿಕೊಳ್ಳಬೇಕು ಎನ್ನುವ ಗೆರೆಯನ್ನು ಮೊದಲ ದಿನಕ್ಕೆ ಮುಂಚೆಯೇ ಎಳೆದುಕೊಳ್ಳಿ. ಅಂಕ ಕೊಡುವುದು ನಿಮ್ಮ ಗುಟ್ಟಿಗಲ್ಲ.

ಇನ್ನು ಗಂಟೆಗಳು. ಕೇಕ್ರೆಪ್ ನಿಯಮದಲ್ಲಿ ಮೊದಲು ಪ್ರಾಕ್ಟಿಕಮ್, ಅಂದರೆ ಇಂಟರ್ನ್‌ಶಿಪ್‌ಗೆ ಮುಂಚಿನ ಅಭ್ಯಾಸ: 100 ಗಂಟೆ, ಅದರಲ್ಲಿ 40 ನೇರ ಸೇವೆ. ಆಮೇಲೆ ಇಂಟರ್ನ್‌ಶಿಪ್: 600 ಗಂಟೆ, ಅದರಲ್ಲಿ 240 ನೇರ ಸೇವೆ. ನೇರ ಸೇವೆ ಅಂದರೆ ಮುಖ್ಯವಾಗಿ ಮಕ್ಕಳ ಜೊತೆ ಮುಖಾಮುಖಿ ಮಾಡಿದ ಕೆಲಸ. ಇನ್ನೊಬ್ಬ ಕೌನ್ಸೆಲರ್ ಕೆಲಸ ಮಾಡುವುದನ್ನು ನೋಡುತ್ತ ಕೂತದ್ದು, ಟಿಪ್ಪಣಿ ಬರೆದದ್ದು, ಪಾಠದ ತಯಾರಿ, ಸೂಪರ್‌ವಿಷನ್ (ಮೇಲ್ವಿಚಾರಕರ ಜೊತೆ ಕೂತು ನಿಮ್ಮ ಕೆಲಸ ಪರಿಶೀಲಿಸುವುದು) ಯಾವುದೂ ನೇರ ಸೇವೆಯಲ್ಲ. 600 ಗಂಟೆಯನ್ನು ಹದಿನೈದು ವಾರಗಳ ಎರಡು ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ 20 ಗಂಟೆ, ಅದರಲ್ಲಿ 8 ಮಕ್ಕಳ ಜೊತೆ. ಕಾಗದದ ಮೇಲೆ ಸುಲಭ.

ಶಾಲೆಯ ಕ್ಯಾಲೆಂಡರ್ ಈ ಭಾಗಾಕಾರ ಕೇಳುವುದಿಲ್ಲ. ಮೊದಲ ಮೂರು ವಾರ ಹೆಚ್ಚು ಕಡಿಮೆ ನೋಡುವುದರಲ್ಲೇ ಹೋಗುತ್ತದೆ. ಒಟ್ಟು ಒಂಬತ್ತು ಗಂಟೆ ನೇರ ಸೇವೆ ಸಿಕ್ಕಿತು ಎಂದುಕೊಳ್ಳಿ. ಉಳಿದ 27 ವಾರಗಳಲ್ಲಿ ರಾಜ್ಯಮಟ್ಟದ ಪರೀಕ್ಷೆ, ರಜೆ, ನಿಮ್ಮದೇ ಸೆಮಿಸ್ಟರ್ ಪರೀಕ್ಷೆ ಸೇರಿ ಆರು ವಾರ ಕೈಬಿಟ್ಟವು. ಬಾಕಿ 231 ಗಂಟೆಗೆ 21 ವಾರ. ಎಂಟು ಇದ್ದದ್ದು ವಾರಕ್ಕೆ ಹನ್ನೊಂದಾಯಿತು. ಏಪ್ರಿಲ್‌ನಲ್ಲಿ ಒಟ್ಟು 600 ತುಂಬಿ, ನೇರ ಗಂಟೆ ಮಾತ್ರ 190ರಲ್ಲಿ ನಿಂತವರ ಪಾಡು ಹುಟ್ಟುವುದು ಸೆಪ್ಟೆಂಬರಿನಲ್ಲೇ.

ಇದಕ್ಕೆ ಮದ್ದು: ಎರಡನೇ ವಾರದಲ್ಲೇ ಒಂದು ಸಣ್ಣ ಗುಂಪು ಮತ್ತು ಒಂದು ತರಗತಿಯ ಪಾಠವನ್ನು ವೇಳಾಪಟ್ಟಿಯಲ್ಲಿ ಖಾಯಂ ಮಾಡಿಕೊಳ್ಳುವುದು. ಒಬ್ಬೊಬ್ಬರನ್ನೇ ನೋಡುವ ಅಪಾಯಿಂಟ್‌ಮೆಂಟ್‌ಗಳು ತಪ್ಪುತ್ತಲೇ ಇರುತ್ತವೆ, ಗುಂಪು ಅಷ್ಟಾಗಿ ತಪ್ಪುವುದಿಲ್ಲ. ಹೇಗೂ ಒಂದು ಗುಂಪನ್ನು ನಡೆಸುವುದು ಅಥವಾ ಜೊತೆಗೂಡಿ ನಡೆಸುವುದು ಕಡ್ಡಾಯ. ಲೆಕ್ಕದಲ್ಲಿ ಆಗಾಗ ಕಾಣುವ ತಪ್ಪೆಂದರೆ ಆರು ಮಕ್ಕಳ ಅರ್ಧ ಗಂಟೆಯ ಗುಂಪನ್ನು ಮೂರು ಗಂಟೆ ಎಂದು ಬರೆಯುವುದು. ಗಡಿಯಾರದಲ್ಲಿ ಅರ್ಧ ಗಂಟೆ ಆಗಿದ್ದರೆ ಗಂಟೆಗಳ ಲೆಕ್ಕ ಬರೆಯುವ ಲಾಗ್‌ನಲ್ಲೂ ಅರ್ಧ ಗಂಟೆಯೇ. ತರಗತಿಯ ಪಾಠವನ್ನು ಎಷ್ಟರ ಮಟ್ಟಿಗೆ ಎಣಿಸುತ್ತಾರೆ ಎಂಬುದು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಬೇರೆಯಾಗಬಹುದು, ಮೊದಲ ವಾರವೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಲಾಗ್ ಅಂದಂದೇ ತುಂಬಿ. ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದು ಸಹಿ ಹಾಕುವವರಿಗೆ ಕಂಡೇ ಕಾಣುತ್ತದೆ.

ಶಾಲೆ ಆರಿಸುವಾಗ ಮನೆಯಿಂದ ದೂರ ಎಷ್ಟು ಎನ್ನುವುದಕ್ಕಿಂತ ಸೈಟ್ ಸೂಪರ್‌ವೈಸರ್, ಅಂದರೆ ಆ ಶಾಲೆಯಲ್ಲಿ ನಿಮ್ಮ ಮೇಲ್ವಿಚಾರಣೆ ನೋಡುವವರು, ದಿನವಿಡೀ ಏನು ಮಾಡುತ್ತಾರೆ ಎಂದು ನೋಡಿ. ಅವರಿಗೆ ಕೌನ್ಸೆಲಿಂಗ್ ಅಥವಾ ಹತ್ತಿರದ ವಿಷಯದಲ್ಲಿ ಮಾಸ್ಟರ್ಸ್, ಕನಿಷ್ಠ ಎರಡು ವರ್ಷದ ಅನುಭವ, ಸೂಪರ್‌ವಿಷನ್ ತರಬೇತಿ ಇರಬೇಕೆಂಬುದು ನಿಯಮ. ನಿಯಮ ಹೇಳದ ಮಾತೊಂದಿದೆ: ಅವರ ದಿನವೆಲ್ಲ ಪರೀಕ್ಷಾ ಸಂಯೋಜನೆ ಮತ್ತು ಊಟದ ಹೊತ್ತಿನ ಕಾವಲಿನಲ್ಲೇ ಕಳೆಯುತ್ತಿದ್ದರೆ, ನಿಮ್ಮದೂ ಹಾಗೇ ಕಳೆಯುತ್ತದೆ. ಸ್ಕೂಲ್ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ ಆಸ್ಕಾ ಪ್ರಕಾರ ಕೌನ್ಸೆಲರ್ ಸಮಯದ 80 ಶೇಕಡ ವಿದ್ಯಾರ್ಥಿಗಳಿಗೆ ಸಲ್ಲುವ ನೇರ ಮತ್ತು ಪರೋಕ್ಷ ಸೇವೆಗೆ ಹೋಗಬೇಕು, 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು. ನೀವು ನೋಡಲು ಹೋದ ಶಾಲೆಯಲ್ಲಿ ಈ ಎರಡು ಅಂಕಿಗಳು ಎಷ್ಟಿವೆ ಎಂದು ಕೇಳಿದರೆ ತಪ್ಪಲ್ಲ. ಉತ್ತರಕ್ಕಿಂತ, ಉತ್ತರ ಕೊಡುವ ರೀತಿಯೇ ಬಹಳ ಹೇಳುತ್ತದೆ.

ಈಗ ರೆಕಾರ್ಡಿಂಗ್. ಸೆಷನ್‌ಗಳನ್ನು ರೆಕಾರ್ಡ್ ಮಾಡಬೇಕು, ಇಲ್ಲವೇ ಮೇಲ್ವಿಚಾರಕರು ನೇರವಾಗಿ ನೋಡಬೇಕು, ತಪ್ಪಿಸಿಕೊಳ್ಳುವಂತಿಲ್ಲ. ರೆಕಾರ್ಡ್ ಮಾಡಲು ಹೆತ್ತವರ ಒಪ್ಪಿಗೆ ಸಹಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಒಪ್ಪಿಗೆ ಪತ್ರಗಳು ಸ್ಕೂಲ್ ಬ್ಯಾಗಿನ ತಳದಲ್ಲಿ ವಾರಗಟ್ಟಲೆ ಕೂರುತ್ತವೆ. ಮೊದಲ ವಾರವೇ, ಬೇಕಾದ್ದಕ್ಕಿಂತ ಹೆಚ್ಚು ಮನೆಗಳಿಗೆ, ಮನೆಯವರು ಓದುವ ಭಾಷೆಯಲ್ಲೇ ಕಳಿಸಿ. ಸ್ವಂತ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ: ಫೋನ್ ತನ್ನಷ್ಟಕ್ಕೆ ಕ್ಲೌಡ್‌ಗೆ ನಕಲು ಕಳಿಸಿಬಿಟ್ಟರೆ ಮಗುವಿನ ಮಾತು ಎಲ್ಲೆಲ್ಲಿ ಉಳಿಯಿತೆಂದು ನಿಮಗೇ ಗೊತ್ತಾಗದು.

ಆಮೇಲೆ ರೆಕಾರ್ಡ್ ಆದ ಮಾತನ್ನು ಬರಹಕ್ಕಿಳಿಸುವುದು. ಇಪ್ಪತ್ತು ನಿಮಿಷದ ಮಾತನ್ನು ಮೂರು ಕಾಲಂಗಳಲ್ಲಿ ಬರೆಯುವುದು ಒಳ್ಳೆಯದು: ಮಗು ಏನು ಹೇಳಿತು, ನೀವು ಏನು ಹೇಳಿದಿರಿ, ಅದರ ಬದಲು ಏನು ಹೇಳಬಹುದಿತ್ತು. ಮೂರನೆಯದನ್ನು ಖಾಲಿ ಬಿಟ್ಟು ತರುವವರೇ ಹೆಚ್ಚು, ಕಲಿಕೆ ಇರುವುದು ಮಾತ್ರ ಅಲ್ಲೇ.

ಬಹುತೇಕ ಮೊದಲ ಟೇಪುಗಳ ರೋಗ ಒಂದೇ, ಪ್ರಶ್ನೆಯ ಮೇಲೆ ಪ್ರಶ್ನೆ. ಮಗು ಹೇಳುತ್ತದೆ, 'ಕ್ಲಾಸಲ್ಲಿ ಏನೇ ಗಲಾಟೆ ಆದ್ರೂ ಟೀಚರ್ ನನ್ನನ್ನೇ ಎಬ್ಬಿಸ್ತಾರೆ.' ಹೊಸಬರ ಬಾಯಿಂದ ತಟ್ಟನೆ ಬರುವುದು, 'ನೀನು ಗಲಾಟೆ ಮಾಡಿದ್ಯಾ? ಯಾವ ಪೀರಿಯಡ್‌ನಲ್ಲಿ?' ಅದು ಪೊಲೀಸ್ ಠಾಣೆಯ ಮಾತು, ಮಗು ಮರುಕ್ಷಣ ತನ್ನ ವಕಾಲತ್ತಿಗೆ ಇಳಿಯುತ್ತದೆ. 'ಯಾರು ಮಾಡಿದ್ರೂ ಹೆಸರು ನಿಂದೇ ಬರುತ್ತೆ, ಅದು ಬೇಜಾರು' ಎಂದು ಅದರ ಮಾತನ್ನೇ ಮಡಚಿ ವಾಪಸು ಕೊಟ್ಟು ನೋಡಿ. ಮುಂದಿನ ವಾಕ್ಯ ತಾನಾಗಿ ಬರುವ ಸಾಧ್ಯತೆ ಹೆಚ್ಚು. ಪ್ರತಿ ಪ್ರಶ್ನೆಗೆ ಇಂಥ ಎರಡು ಪ್ರತಿಫಲನ ಇರಲಿ ಎನ್ನುವುದು ಮೋಟಿವೇಷನಲ್ ಇಂಟರ್ವ್ಯೂಯಿಂಗ್ (ಬದಲಾಗುವ ಮನಸ್ಸನ್ನು ಎದುರಿನವರ ಮಾತಿನಿಂದಲೇ ಹೊರತರುವ ಕೌನ್ಸೆಲಿಂಗ್ ವಿಧಾನ) ಕಲಿಸುವವರ ಗುರಿ. ನಿಮ್ಮ ಟೇಪಿನಲ್ಲಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ ಎಣಿಸಿ. ಮೊದಲ ಸಲ ಲೆಕ್ಕ ತಿರುಗುಮುರುಗಾಗಿದ್ದರೆ ಗಾಬರಿ ಬೇಡ.

ಎರಡನೇ ರೋಗ ಮೂರನೇ ನಿಮಿಷದ ಸಲಹೆ. ಮೊದಲು ಶಿಕ್ಷಕರಾಗಿದ್ದವರಿಗೆ ಇದು ಜಾಸ್ತಿ, ಅದರ ಜೊತೆ 'ವೆರಿ ಗುಡ್' ಕೂಡ. ಮೂರನೆಯದು ಮೌನವನ್ನು ತುಂಬಿಬಿಡುವುದು. ನಿಮಗೆ ಯುಗವಾಗಿ ಕಂಡ ಮೌನ ಟೇಪಿನಲ್ಲಿ ಅಳೆದರೆ ನಾಲ್ಕೇ ಸೆಕೆಂಡ್ ಇರುತ್ತದೆ. ಅಳೆದು ನೋಡಿದ ಮೇಲೆ ಹತ್ತು ಸೆಕೆಂಡ್ ಕಾಯುವ ಧೈರ್ಯ ಬರುತ್ತದೆ.

ಶಾಲೆಯಲ್ಲಿ ಸೆಷನ್ ಇಪ್ಪತ್ತು-ಮೂವತ್ತು ನಿಮಿಷ ಸಿಕ್ಕರೆ ದೊಡ್ಡದು. ಅದಕ್ಕೇ ಸಮಸ್ಯೆಯನ್ನು ಕೆದಕುವ ಬದಲು ಪರಿಹಾರದ ಕಡೆ ನೋಡುವ 'ಪರಿಹಾರ ಕೇಂದ್ರಿತ' ಪದ್ಧತಿ ಇಲ್ಲಿ ಹೆಚ್ಚು ಓಡುತ್ತದೆ. ಸೊನ್ನೆಯಿಂದ ಹತ್ತರೊಳಗೆ ಇವತ್ತು ಎಷ್ಟು ಎಂದು ಕೇಳುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಮಗು ನಾಲ್ಕು ಎಂದರೆ 'ಹತ್ತು ಯಾಕಲ್ಲ' ಎಂದು ಕೇಳಿ ಕೆಡಿಸುತ್ತಾರೆ. ಕೇಳಬೇಕಾದ್ದು 'ಎರಡಕ್ಕೆ ಇಳಿಯದೆ ನಾಲ್ಕರಲ್ಲಿ ನಿಂತಿದ್ದು ಹೇಗೆ' ಎಂದು. ಮೊದಲ ಪ್ರಶ್ನೆಗೆ ದೂರುಗಳ ಪಟ್ಟಿ ಬರುತ್ತದೆ. ಎರಡನೆಯದಕ್ಕೆ, ಮಗು ಈಗಾಗಲೇ ಮಾಡುತ್ತಿರುವ ಯಾವುದೋ ಸಣ್ಣ ಉಪಾಯ ಹೊರಬರುತ್ತದೆ.

ಸೂಪರ್‌ವಿಷನ್ ವಾರಕ್ಕೆ ಸರಾಸರಿ ಒಂದು ಗಂಟೆ, ಒಬ್ಬರೇ ಅಥವಾ ಇಬ್ಬರು ವಿದ್ಯಾರ್ಥಿಗಳು ಕೂತು. ಜೊತೆಗೆ ವಾರಕ್ಕೆ ಒಂದೂವರೆ ಗಂಟೆ ಗುಂಪಿನಲ್ಲಿ. ಅಲ್ಲಿಗೆ ಚೆನ್ನಾಗಿ ಬಂದ ಟೇಪ್ ಹೊತ್ತು ಹೋಗುವುದು ಸಮಯ ದಂಡ. ಕೆಟ್ಟದ್ದನ್ನು ಒಯ್ಯಿರಿ, ಅದರಲ್ಲೂ ಒಂದೇ ಒಂದು ತುಣುಕು. 'ಹೇಗಿತ್ತು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಉತ್ತರವೇ ಬರುವುದು. '11ನೇ ನಿಮಿಷದಲ್ಲಿ ಅಪ್ಪನ ಮಾತು ಬಂದ ಕೂಡಲೇ ಹುಡುಗ ಕ್ರಿಕೆಟ್‌ಗೆ ಹಾರಿದ, ನಾನೂ ಅವನ ಹಿಂದೆ ಹಾರಿದೆ, ಅಲ್ಲೇ ನಿಲ್ಲಬೇಕಿತ್ತಾ?' ಎಂದು ಕೇಳಿದರೆ ಮುಂದಿನ ಅರ್ಧ ಗಂಟೆ ಸಾರ್ಥಕ.

ಅಪಾಯದ ವಿಷಯದಲ್ಲಿ ಕಲಿಯುವವರು ಒಬ್ಬರೇ ನಿರ್ಧಾರ ತೆಗೆದುಕೊಳ್ಳುವ ಹಾಗಿಲ್ಲ. ಮೊದಲ ಮಗುವನ್ನು ನೋಡುವ ಮುಂಚೆಯೇ, ಸೈಟ್ ಸೂಪರ್‌ವೈಸರ್ ರಜೆ ಇದ್ದ ದಿನ ಯಾರ ಬಾಗಿಲು ತಟ್ಟಬೇಕು ಎಂದು ಹೆಸರು ಹಿಡಿದು ತಿಳಿದಿರಿ. ಸಾಯುವ ಯೋಚನೆಯ ಸುಳಿವು ಸಿಕ್ಕರೆ ಸುತ್ತಿಬಳಸದೆ 'ಸಾಯಬೇಕು ಅನ್ನಿಸ್ತಿದೆಯಾ?' ಎಂದೇ ಕೇಳಬೇಕು; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಮೇಲ್ವಿಚಾರಕರನ್ನು ಕರೆಸಿ. ಮನೆಯವರಿಗೆ ತಿಳಿಸುವುದು, ಎಲ್ಲವನ್ನೂ ಅಂದೇ ದಾಖಲಿಸುವುದು ಅವರ ಜೊತೆಗೂಡಿ ಆಗಬೇಕಾದ ಕೆಲಸ. ಮಗುವಿನಿಂದ 'ಹಾಗೆ ಮಾಡಿಕೊಳ್ಳುವುದಿಲ್ಲ' ಎಂದು ಸಹಿ ಹಾಕಿಸಿಕೊಳ್ಳುವ ಹಳೇ ಪದ್ಧತಿಯಿಂದ ದೊಡ್ಡವರಿಗೆ ನೆಮ್ಮದಿ ಸಿಗುತ್ತದೆಯೇ ಹೊರತು ಮಗುವಿಗೆ ರಕ್ಷಣೆಯಲ್ಲ. ದೌರ್ಜನ್ಯದ ಅನುಮಾನವಿದ್ದಾಗಲೂ ವರದಿ ಮಾಡಲು ಪುರಾವೆ ಬೇಕಿಲ್ಲ, ಸಕಾರಣ ಅನುಮಾನ ಸಾಕು. ತನಿಖೆ ಬೇರೆಯವರ ಕೆಲಸ.

ಇವೆಲ್ಲ ಬರುವುದಕ್ಕೆ ಮುಂಚೆಯೇ, ಮೊದಲ ಭೇಟಿಯಲ್ಲಿ, ಗುಟ್ಟಿನ ಮಿತಿ ಹೇಳಿರಬೇಕು. ಎರಡನೇ ತರಗತಿಯ ಮಗುವಿಗೆ ಕಾನೂನಿನ ಪದ ಅರ್ಥವಾಗದು. 'ನೀನು ಹೇಳಿದ್ದನ್ನ ನಾನು ಊರಿಗೆಲ್ಲ ಹೇಳಲ್ಲ. ನಿಂಗೆ ಯಾರಾದ್ರೂ ನೋವು ಮಾಡ್ತಿದ್ರೆ, ನೀನೇ ನೋವು ಮಾಡ್ಕೊಳ್ತಿದ್ರೆ, ಇಲ್ಲ ಬೇರೆಯವರಿಗೆ ಮಾಡೋ ಹಾಗಿದ್ರೆ ಮಾತ್ರ ದೊಡ್ಡವರ ಸಹಾಯ ತಗೋತೀನಿ.' ಇಷ್ಟು ಸಾಕು. ಹೇಳಿದ ಮೇಲೆ ಏನು ಅರ್ಥವಾಯಿತೆಂದು ಮಗುವಿನ ಬಾಯಿಂದಲೇ ಕೇಳಿ. ನೀವಿನ್ನೂ ಕಲಿಯುವವರಾಗಿರುವುದರಿಂದ ನಿಮ್ಮ ಮೇಲ್ವಿಚಾರಕರೂ ಕೇಳಿಸಿಕೊಳ್ಳುತ್ತಾರೆ ಎಂದು ಮಗುವಿಗೆ ಹೇಳುವುದನ್ನು ಮರೆಯಬೇಡಿ.

ಟಿಪ್ಪಣಿಗೂ ಒಂದು ಸೂಕ್ಷ್ಮವಿದೆ. ಶಾಲಾ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನ ಪ್ರಕಾರ ಹೆತ್ತವರು ಮಗುವಿನ ಶಾಲಾ ದಾಖಲೆ ನೋಡಬಹುದು. ನಿಮ್ಮ ನೆನಪಿಗೆಂದು ಬರೆದು ನಿಮ್ಮ ಬಳಿಯೇ ಇಟ್ಟುಕೊಂಡ ಟಿಪ್ಪಣಿ ಆ ದಾಖಲೆಯಲ್ಲಿ ಸೇರುವುದಿಲ್ಲ. ಅದನ್ನು ಟೀಚರ್‌ಗೆ ಇಮೇಲ್ ಮಾಡಿದಿರೋ, ಆ ರಕ್ಷಣೆ ಹೋಯಿತು. ಆದ್ದರಿಂದ ಮನೆಯವರು ಓದಿದರೂ ಮುಜುಗರ ಆಗದ ಹಾಗೆ ಬರೆಯಿರಿ: 'ಸುಳ್ಳುಗಾರ' ಎಂದಲ್ಲ, 'ಎರಡು ಸಲ ಬೇರೆ ಬೇರೆ ರೀತಿ ಹೇಳಿದ' ಎಂದು.

ಮೇ ಹತ್ತಿರವಾದಂತೆ ಗಂಟೆ ತುಂಬಿಸುವ ಭರದಲ್ಲಿ ಬಿಟ್ಟುಹೋಗುವುದು ವಿದಾಯ. ನೀವು ಹೊರಡುವ ದಿನವನ್ನು ಗುಂಪಿನ ಮಕ್ಕಳಿಗೆ ಕನಿಷ್ಠ ಎರಡು ಭೇಟಿ ಮುಂಚೆಯೇ ಹೇಳಿ, ಮುಂದುವರಿಯಬೇಕಾದವರನ್ನು ಶಾಲೆಯ ಕೌನ್ಸೆಲರ್ ಜೊತೆ ಒಮ್ಮೆ ಕೂರಿಸಿ ಪರಿಚಯಿಸಿ. ರೆಕಾರ್ಡಿಂಗ್ ಅಳಿಸಿ, ಅಳಿಸಿದ ದಿನಾಂಕ ಬರೆದಿಡಿ. ಸಹಿಯಾದ ಲಾಗ್‌ಗಳ ಪ್ರತಿ, ಪ್ರತಿ ಕೋರ್ಸಿನ ಸಿಲಬಸ್, ಸೈಟ್ ಸೂಪರ್‌ವೈಸರ್‌ರ ಲೈಸೆನ್ಸ್ ಸಂಖ್ಯೆ ನಿಮ್ಮ ಸ್ವಂತ ಫೈಲಿನಲ್ಲಿರಲಿ. ಐದು ವರ್ಷದ ನಂತರ ಬೇರೆ ರಾಜ್ಯಕ್ಕೆ ಹೋದಾಗ ಅಲ್ಲಿನ ಇಲಾಖೆ ಇವನ್ನೇ ಕೇಳಬಹುದು. ಆ ಹೊತ್ತಿಗೆ ವಿಶ್ವವಿದ್ಯಾಲಯದ ಪೋರ್ಟಲ್ ಬದಲಾಗಿರುತ್ತದೆ, ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ.