ತನ್ನ ಬಾಲದ ಮೇಲೆ ತಾನೇ ಹಾದ ಗೂಡ್ಸ್ ಗಾಡಿ

ಬೆಳಿಗ್ಗೆ ಏಳಕ್ಕೇ ಹೋಗಿ ತೆಹಾಚಪಿ ಲೂಪ್ ಅನ್ನುವ ರೈಲು ಹಳಿಯ ಸುತ್ತಿನ ಎದುರು ನಿಂತಿದ್ದೆ. ಒಂಬತ್ತೂವರೆ ಆದರೂ ಒಂದು ಗಾಡಿ ಬರಲಿಲ್ಲ.

ಗೂಡ್ಸ್ ಗಾಡಿ ನೋಡುವ ಹುಚ್ಚಿನ ಕಷ್ಟವೇ ಇದು. ಪ್ಯಾಸೆಂಜರ್ ಗಾಡಿಗಾದರೆ ಟೈಮ್‌ಟೇಬಲ್ ಇರುತ್ತದೆ. ಗೂಡ್ಸ್ ಯಾವಾಗ ಬರುತ್ತದೆ ಅಂತ ಹೇಳುವವರು ಯಾರು? ನಾಲ್ಕು ಸ್ಟೇಷನ್ ಆಚೆ ಹಳಿ ಪಕ್ಕ ನಿಂತಿರುವ ಇನ್ನೊಬ್ಬ ಹುಚ್ಚ, ಅಷ್ಟೇ. ಈ ದಾರಿಯಲ್ಲಂತೂ 1971ರಿಂದ ದಿನನಿತ್ಯದ ಪ್ಯಾಸೆಂಜರ್ ಗಾಡಿಯೇ ಇಲ್ಲ. ಬರುವುದೆಲ್ಲ ಸರಕು.

ಜಾಗ ಕ್ಯಾಲಿಫೋರ್ನಿಯಾದ್ದು. ಬೇಕರ್ಸ್‌ಫೀಲ್ಡ್‌ನಿಂದ ಮೊಜಾವೆಗೆ ಹೋಗುವ ಹಳಿ ಇಲ್ಲಿ ಬೆಟ್ಟ ಹತ್ತುತ್ತದೆ. ಕಬ್ಬಿಣದ ಹಳಿ, ಕಬ್ಬಿಣದ ಚಕ್ರ. ಏರು ಸ್ವಲ್ಪ ಜಾಸ್ತಿಯಾದರೂ ಜಾರುತ್ತದೆ. ಹಾಗಾಗಿ ನೂರು ಅಡಿಗೆ ಸುಮಾರು ಎರಡು ಅಡಿಯಷ್ಟೇ ಏರಿಸಬೇಕಿತ್ತು, ಆದರೆ ಅದಕ್ಕೆ ಬೇಕಾದ ಉದ್ದ ಆ ಕಣಿವೆಯಲ್ಲಿ ಇರಲಿಲ್ಲ. ಎಂಜಿನಿಯರ್ ವಿಲಿಯಂ ಹುಡ್ ಒಂದು ಗುಡ್ಡದ ಸುತ್ತ ಹಳಿಯನ್ನು ಸುತ್ತಿಸಿಬಿಟ್ಟರು. ಸುತ್ತಿನ ಉದ್ದ 3,779 ಅಡಿ. ಸುತ್ತು ಮುಗಿಯುವಾಗ ಹಳಿ 77 ಅಡಿ ಮೇಲೆ ಬಂದಿರುತ್ತದೆ, ತಾನು ಬಂದ ಸುರಂಗದ ನೆತ್ತಿಗೇ. ಅಗೆದು ಹಾಕಿದವರು ಹೆಚ್ಚಾಗಿ ಚೀನೀ ಕೂಲಿಕಾರರು. ಮುಗಿದದ್ದು 1876ರಲ್ಲಿ.

ನಡುವಿನ ಗುಡ್ಡದ ತಲೆ ಮೇಲೆ ಒಂದು ದೊಡ್ಡ ಬಿಳಿ ಶಿಲುಬೆ ಇದೆ. 1989ರಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ ರೈಲು ಹಳಿ ತಪ್ಪಿದಾಗ ಸತ್ತ ಇಬ್ಬರು ರೈಲ್ವೆ ನೌಕರರ ನೆನಪಿಗೆ ನಿಲ್ಲಿಸಿದ್ದು.

ನನ್ನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜ ಕೂತಿದ್ದರು. ತೊಡೆ ಮೇಲೆ ನೋಟ್‌ಬುಕ್, ಕುರ್ಚಿ ಕೆಳಗೆ ಗೊರಗೊರ ಅನ್ನುವ ಪುಟ್ಟ ರೇಡಿಯೊ. ಕೊನೆಗೆ ನನ್ನ ಫೋನ್ ಟಿಂಗ್ ಅಂದಿತು. ಗಾಡಿ ನೋಡುವ ಹುಚ್ಚರ ಗುಂಪಿನಲ್ಲಿ ಯಾರೋ ಹಾಕಿದ್ದರು: "ಕ್ಯಾಲಿಯೆಂಟೆ ದಾಟಿತು. ಹತ್ತುವ ಗಾಡಿ. ಮುಂದೆ ನಾಲ್ಕು ಎಂಜಿನ್, ಹಿಂದೆ ಎರಡು. ಕಂಟೇನರ್." ಅಜ್ಜನಿಗೆ ತೋರಿಸಿದೆ. "ಇನ್ನೂ ಹೊತ್ತಿದೆ, ಕೂತ್ಕೊಳ್ಳಿ" ಅಂದರು.

ಮೊದಲು ಬಂದದ್ದು ಸದ್ದು. ಕಣಿವೆಯೊಳಗೆ ಎಲ್ಲೋ ಗುಡುಗು ಹೊರಳಿದ ಹಾಗೆ. ಆಮೇಲೆ ಬಿಎನ್‌ಎಸ್‌ಎಫ್ ರೈಲ್ವೆ ಕಂಪನಿಯ ಕಿತ್ತಳೆ ಬಣ್ಣದ ನಾಲ್ಕು ಎಂಜಿನ್‌ಗಳು, ನಡಿಗೆಗಿಂತ ಸ್ವಲ್ಪ ಜೋರು ಅಷ್ಟೇ. ಹಳಿ ಯೂನಿಯನ್ ಪೆಸಿಫಿಕ್ ಅನ್ನುವ ಇನ್ನೊಂದು ಕಂಪನಿಯದು, ಒಪ್ಪಂದದ ಮೇಲೆ ಇವರೂ ಓಡಿಸುತ್ತಾರೆ. ಎಂಜಿನ್‌ಗಳು ಸುರಂಗದೊಳಗೆ ಹೊಕ್ಕು ಹೊರಬಂದು ಗುಡ್ಡವನ್ನು ಸುತ್ತತೊಡಗಿದವು. ಹಿಂದೆ ಒಂದರ ಮೇಲೊಂದು ಪೇರಿಸಿದ ಕಂಟೇನರ್‌ಗಳು ಬರುತ್ತಲೇ ಇದ್ದವು. ಎಂಜಿನ್ ಪೂರಾ ಒಂದು ಸುತ್ತು ಹಾಕಿ ಸುರಂಗದ ಮೇಲೆ ಬಂದಾಗ ಅದೇ ಗಾಡಿಯ ಡಬ್ಬಿಗಳು ಕೆಳಗೆ ಇನ್ನೂ ಸುರಂಗಕ್ಕೆ ನುಗ್ಗುತ್ತಿದ್ದವು! ಮೇಲೆ ಬಲಕ್ಕೆ, ಕೆಳಗೆ ಎಡಕ್ಕೆ, ಎರಡೂ ಒಂದೇ ಗಾಡಿ. ಫೋಟೊದಲ್ಲಿ ನೂರು ಸಲ ನೋಡಿದ್ದೆ. ಆದರೂ ಬಾಯಿ ಬಿಟ್ಟುಕೊಂಡು ನಿಂತೆ.

"ನಂಬರ್ ಬರ್ಕೊಂಡ್ರಾ?" ಅಜ್ಜ ಕೇಳಿದರು.

ಇಲ್ಲ. ವಿಡಿಯೊ ಮಾಡುವ ಭರದಲ್ಲಿ ಮುಂದಿನ ಎಂಜಿನ್ ನಂಬರೇ ನೋಡಿರಲಿಲ್ಲ. ಫೋನಿನಲ್ಲಿ ಹಿಗ್ಗಿಸಿದರೆ ಬರೀ ಮಸುಕು.

"ವಿಡಿಯೊ ಎಲ್ಲರೂ ಮಾಡ್ತಾರೆ. ನಂಬರ್ ಇಲ್ಲದೆ ಹಾಕಿದ್ರೆ ಮುಂದಿನೂರಲ್ಲಿ ಕಾಯ್ತಿರೋನಿಗೆ ಏನು ಪ್ರಯೋಜನ? ಬಾಲ ಇನ್ನೂ ಬಂದಿಲ್ಲ, ತಗೊಳ್ಳಿ" ಅಂತ ಬೈನಾಕ್ಯುಲರ್ ಕೈಗೆ ಕೊಟ್ಟರು.

ಆ ಬಾಲ ಬರುವಷ್ಟರಲ್ಲಿ ಡಬ್ಬಿ ಓದುವುದನ್ನೂ ಕಲಿಸಿದರು. ಪಕ್ಕದಲ್ಲಿ ಬರೆದ ಅಕ್ಷರಗಳ ಗುಂಪು ಎಕ್ಸ್‌ನಿಂದ ಮುಗಿದರೆ ಆ ವ್ಯಾಗನ್ ರೈಲ್ವೆಯದ್ದಲ್ಲ, ಖಾಸಗಿಯವರದು. ಕೊನೆಗೆ ಯು ಇದ್ದರೆ ಕಂಟೇನರ್. ನಾನು ಇಷ್ಟು ವರ್ಷ ಅದನ್ನು ಸುಮ್ನೆ ಗೀಚಿದ್ದು ಅಂದುಕೊಂಡಿದ್ದೆ.

ಕಡೆಯ ಎರಡು ಎಂಜಿನ್‌ಗಳಲ್ಲಿ ಯಾರೂ ಇರಲಿಲ್ಲ. ಮುಂದಿನ ಎಂಜಿನ್‌ನಲ್ಲಿ ಕೂತ ಡ್ರೈವರ್ ರೇಡಿಯೊದಲ್ಲೇ ಇವನ್ನೂ ನಡೆಸುತ್ತಾನೆ. ಖಾಲಿ ಕಿಟಕಿ, ಎಂಜಿನ್ ಮಾತ್ರ ಮೈ ನಡುಗುವಂತೆ ತಳ್ಳುತ್ತಿತ್ತು. ಕಿಟಕಿ ಕೆಳಗೆ ನಾಲ್ಕು ಅಂಕಿ. ಮೂರು ಸರಿಯಾಗಿ ಕಂಡವು, ಕೊನೆಯದು ಹೊಗೆಮಸಿಯಲ್ಲಿ ಏಳೋ ಒಂದೋ ಗೊತ್ತಾಗಲಿಲ್ಲ.

ಏಳು ಅಂತ ಬರೆದೆ. ಜಾಗ, ಹೊತ್ತು, ಹತ್ತುವ ದಿಕ್ಕು, ಎಂಜಿನ್ ಎಷ್ಟು, ಕಡೆಯದರ ನಂಬರ್, ಎಲ್ಲ ಸೇರಿಸಿ ಗುಂಪಿಗೆ ಹಾಕಿದೆ. ವಿಡಿಯೊ ಹಾಕಲಿಲ್ಲ.

ಆಮೇಲೆ ಒಂದು ಹಳದಿ ಗಾಡಿ ಇಳಿಯಿತು, ಚಿಕ್ಕದು, ಅಜ್ಜ ತಲೆಯನ್ನೂ ಎತ್ತಲಿಲ್ಲ. ಬಿಸಿಲು ಏರಿತ್ತು. ಕಾರಿನ ಕಡೆ ಹೊರಟಾಗ ಫೋನ್ ಮತ್ತೆ ಟಿಂಗ್ ಅಂದಿತು. ಮೊಜಾವೆಯಲ್ಲಿ ನಿಂತಿದ್ದ ಯಾರೋ ಬರೆದಿದ್ದರು: "ನಿಮ್ಮ ಗಾಡಿ ಈಗ ಹೋಯಿತು. ಕೊನೆ ಅಂಕಿ ಏಳಲ್ಲ, ಒಂದು."

ವಾಪಸ್ ಹೋಗಿ ಅಜ್ಜನಿಗೆ ಹೇಳಿದೆ. ಅವರು ನೋಟ್‌ಬುಕ್ ತಿರುಗಿಸಿ ತೋರಿಸಿದರು. ಅಲ್ಲೂ ಒಂದು ಅಂತಲೇ ಇತ್ತು.