ಮಾತಾಡೋಕೆ ಸ್ನೇಹಿತರಿಲ್ವಾ ಅಂತ ಕೇಳುವವರಿಗೆ

ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಮೇಲೇರುವ, ಕೆಲವು ಕಾಲ ಪೂರ್ತಿ ಕುಸಿಯುವ ಕಾಯಿಲೆ. ಮಾತ್ರೆ ತಗೊಳ್ಳುತ್ತೇನೆ, ಜೊತೆಗೆ ಥೆರಪಿಗೂ ಹೋಗುತ್ತೇನೆ. ಮಾತ್ರೆಯ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಥೆರಪಿ ಅಂದ ಕೂಡಲೇ ಅದೇ ಪ್ರಶ್ನೆ: "ಬರೀ ಮಾತು ತಾನೇ? ಸ್ನೇಹಿತರ ಹತ್ರ ಆಡಿದ್ರೆ ಸಾಲದಾ?" ಇಷ್ಟು ದಿನ ನಗುತ್ತಾ ಉತ್ತರ ಕೊಟ್ಟೆ, ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸಾಲದು.

ಆ 'ಬರೀ' ಅನ್ನುವ ಪದಕ್ಕೇ ನನಗೆ ಸಿಟ್ಟು ಬರುವುದು. ಕೊನೆಯ ಸಲ ಹಾಗೆ ಕೇಳಿದವಳು ಜೊತೆಗೆ ಕೆಲಸ ಮಾಡುವ ಗೆಳತಿ. "ನನ್ನ ಹತ್ರ ಹೇಳ್ಕೊ, ಫೀಸೂ ಇಲ್ಲ" ಅಂದಳು. ಇಬ್ಬರೂ ನಕ್ಕೆವು. ಆದರೆ ನನಗೆ ಆರು ವರ್ಷದ ಹಿಂದಿನ ಒಂದು ವಾರ ನೆನಪಾಯಿತು. ರಾತ್ರಿ ನಾಲ್ಕೇ ಗಂಟೆ ನಿದ್ದೆ ಮಾಡಿದರೂ ಬೆಳಗ್ಗೆ ಸುಸ್ತೇ ಇರುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಬಟ್ಟೆಯ ಬೀರು ಪೂರ್ತಿ ಖಾಲಿ ಮಾಡಿ, ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಸಿಕ್ಕಸಿಕ್ಕವರಿಗೆಲ್ಲ ಉದ್ದುದ್ದ ಮೆಸೇಜು. ಆಗ ಇದೇ ಗೆಳತಿ, "ಈಗ ನೋಡು ಎಷ್ಟು ಲವಲವಿಕೆಯಾಗಿದ್ದೀಯ!" ಅಂದಿದ್ದಳು. ಹತ್ತೇ ದಿನಕ್ಕೆ ನಾನು ಆಸ್ಪತ್ರೆ ಸೇರಿದೆ. ಅವಳ ತಪ್ಪೇನೂ ಇಲ್ಲ. ಮನಸ್ಸು ಮೇಲೇರುವಾಗ ಸ್ನೇಹಿತರಿಗೆ ಕಾಣುವುದು ಖುಷಿ. ಥೆರಪಿಸ್ಟ್ ಕೇಳುವುದು ಎಷ್ಟು ಗಂಟೆ ನಿದ್ದೆ ಮಾಡಿದೆ ಅಂತ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. "ಬರೀ ಮಾತು" ಸಾಕಾ ಅನ್ನುವುದನ್ನು ಬಾರ್ಸಿಲೋನಾದ ವೈದ್ಯರು ಪರೀಕ್ಷೆಗೇ ಒಡ್ಡಿದ್ದಾರೆ. ಆ ಫಲಿತಾಂಶ ಬಂದದ್ದು 2003ರಲ್ಲಿ. ಬೈಪೋಲಾರ್ ಇದ್ದೂ ಆ ಹೊತ್ತಿಗೆ ಆರೋಗ್ಯವಾಗಿದ್ದ 120 ಜನರನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ. ಎಲ್ಲರಿಗೂ ಮಾತ್ರೆ ಇತ್ತು. ಎರಡೂ ಗುಂಪಿನವರು 21 ಸಲ ಸೇರಿದರು. ಒಂದು ಗುಂಪು ಸುಮ್ನೆ ಸೇರಿ ಮಾತಾಡಿತು, ಪಾಠ ಏನೂ ಇಲ್ಲ. ಇನ್ನೊಂದು ಗುಂಪು ಕಾಯಿಲೆಯನ್ನು ಅರಿತುಕೊಳ್ಳುವುದು, ಮಾತ್ರೆ ತಪ್ಪಿಸದಿರುವುದು, ಮುನ್ಸೂಚನೆ ಗುರುತಿಸುವುದು, ದಿನಚರಿ ಕಾಯ್ದುಕೊಳ್ಳುವುದು, ಇವನ್ನೆಲ್ಲ ಕಲಿಯಿತು. ಎರಡು ವರ್ಷದಲ್ಲಿ ಸುಮ್ನೆ ಮಾತಾಡಿದವರಲ್ಲಿ ಶೇ. 92 ಜನರಿಗೆ ಕಾಯಿಲೆ ಮರುಕಳಿಸಿತು. ಕಲಿತವರಲ್ಲಿ ಶೇ. 67.

67 ಕೂಡ ಕಡಿಮೆ ಅಲ್ಲ, ನನಗೆ ಗೊತ್ತು. ಪವಾಡ ಅಂತ ನಾನು ಯಾವತ್ತೂ ಹೇಳಿಲ್ಲ. ಮಾತ್ರೆ ಬಿಟ್ಟು ಇದೊಂದೇ ಸಾಕು ಅಂತಲೂ ಹೇಳಿಲ್ಲ. ಆದರೆ ಆ ನಡುವಿನ ಅಂತರದಲ್ಲಿ ಇರುವವರು ನನ್ನಂಥ ಜನ. ಒಂದು ಸಲ ಮರುಕಳಿಸದೆ ಇದ್ದರೆ ಒಂದು ಕೆಲಸ ಉಳಿಯುತ್ತದೆ. ಒಂದೊಂದು ಸಲ ಜೀವವೇ ಉಳಿಯುತ್ತದೆ.

ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ: "ನಿನಗೆ ಈ ಥೆರಪಿ ಯಾವಾಗ ಸಿಕ್ಕಿತು?"

ಬ್ರಿಟನ್ನಿನಲ್ಲಿ 253 ಜನರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು, 2006ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಗುರುತಿಸಿ ಬದಲಿಸಲು ಕಲಿಸುವ ಥೆರಪಿ; ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಒಟ್ಟಾರೆ ನೋಡಿದರೆ ವ್ಯತ್ಯಾಸವೇ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಬೇಡ. ಆದರೆ ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ, ಹಿಂದೆ 12ಕ್ಕಿಂತ ಕಡಿಮೆ ಸಲ ಕಾಯಿಲೆ ಕೆರಳಿದ್ದವರಿಗೆ ಥೆರಪಿಯಿಂದ ಉಪಯೋಗ ಆದ ಹಾಗೆ ಕಂಡಿತು. ಅದಕ್ಕಿಂತ ಜಾಸ್ತಿ ಸಲ ಆದವರಿಗೆ ಆಗಲಿಲ್ಲ. ಆಮೇಲೆ ಬಿಡಿಸಿ ನೋಡಿದ ಲೆಕ್ಕ, ಅದೇ ಕೊನೆಯ ಮಾತಲ್ಲ ನಿಜ. ಆದರೂ ಓದಿದ ದಿನ ನನ್ನವನ್ನು ಬೆರಳು ಮಡಚಿ ಎಣಿಸಿದೆ. ಏಳು. ಮೊದಲನೆಯದು ಆದಾಗ ನನ್ನ ಕೈಗೆ ಮಾತ್ರೆ ಚೀಟಿ ಕೊಟ್ಟರು. ಥೆರಪಿಯ ಹೆಸರನ್ನು ಯಾರೂ ಎತ್ತಲಿಲ್ಲ. ಆರನೆಯದು ಮುಗಿದ ಮೇಲೆ ಎತ್ತಿದರು.

ಈಗ ನನ್ನ ಹತ್ರ ಒಂದು ಹಾಳೆ ಇದೆ. ಥೆರಪಿಸ್ಟ್ ಜೊತೆ ಕೂತು ಬರೆದದ್ದು. ಮೊದಲ ಸಾಲು: "ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಸುಸ್ತಿಲ್ಲ: ಡಾಕ್ಟರಿಗೆ ಫೋನ್ ಮಾಡು." ಎರಡನೆಯದು: "ಬಟ್ಟೆಯ ಬೀರು ಮುಟ್ಟಬೇಡ." ಒಂದು ಪ್ರತಿ ಅಕ್ಕನ ಹತ್ರ ಇದೆ. ಹೋದ ತಿಂಗಳು ರಾತ್ರಿ ಒಂದೂವರೆಗೆ ಅವಳಿಗೆ ಮೆಸೇಜ್ ಹಾಕಿದ್ದೆ. ಬೆಳಗ್ಗೆ ಏಳಕ್ಕೆ ಫೋನ್ ಮಾಡಿದವಳು ಹೇಗಿದ್ದೀಯ ಅನ್ನಲಿಲ್ಲ. "ನಿನ್ನೆ ಎಷ್ಟು ಗಂಟೆ ಮಲಗಿದೆ? ಮೊನ್ನೆ?" ಅಂತ ಕೇಳಿದಳು.